ಅಮ್ಮನ ಕೂಲಿ

ಕೋಲಾರದ ಟೊಮೆಟೊ ಮಂಡಿಯಿಂದ ಅಪ್ಪ ತರುವ ಬಿಲ್ಲುಗಳನ್ನು ನೋಟ್‌ಬುಕ್ಕಿಗೆ ಇಳಿಸುವುದು ಹೈಸ್ಕೂಲಿನಿಂದಲೂ ನನ್ನ ಕೆಲಸ. ಎಡಗಡೆ ಖರ್ಚು: ಸಸಿ, ಗೊಬ್ಬರ, ಔಷಧಿ, ಕಡ್ಡಿ, ದಾರ, ಕೂಲಿಯಾಳು, ಟೆಂಪೋ ಬಾಡಿಗೆ. ಬಲಗಡೆ ಬಂದ ದುಡ್ಡು.

2023ರ ಜುಲೈನಲ್ಲಿ 15 ಕೆ.ಜಿ.ಯ ಬಾಕ್ಸು 2,000 ರೂಪಾಯಿ ದಾಟಿದಾಗ ನಮ್ಮ ಹೊಲ ಖಾಲಿಯಿತ್ತು. ಆ ಬೆಲೆ ನೋಡಿ ಎಲ್ಲರಂತೆ ನಾವೂ ನಾಟಿ ಮಾಡಿದೆವು. ಹಣ್ಣು ಬಿಡಿಸುವಷ್ಟರಲ್ಲಿ ಬೆಲೆ ನೆಲ ಕಚ್ಚಿತ್ತು. ಆದರೂ ಕೂಡಿ ಕಳೆದರೆ 4,000 ರೂಪಾಯಿ ಉಳಿದಿತ್ತು. ಸದ್ಯ ನಷ್ಟವಾಗಲಿಲ್ಲ ಎಂದು ಅಪ್ಪನಿಗೆ ಓದಿ ಹೇಳಿದೆ.

ಒಲೆಯ ಮುಂದಿದ್ದ ಅಮ್ಮ ಕೇಳಿದಳು: “ಅದರಲ್ಲಿ ನನ್ನ ಕೂಲಿ ಎಲ್ಲಿ ಬರ್ದಿದ್ದೀಯ?”

ಬರೆದಿರಲಿಲ್ಲ. ಬೆಂಬಲ ಬೆಲೆ ಶಿಫಾರಸು ಮಾಡುವ ಕೇಂದ್ರದ ಆಯೋಗ ಮನೆಯವರ ದುಡಿಮೆಯನ್ನೂ ಬೆಳೆಯ ಖರ್ಚಿಗೆ ಸೇರಿಸುತ್ತದೆ. ಟೊಮೆಟೊಗೆ ಬೆಂಬಲ ಬೆಲೆಯೇ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅಮ್ಮನಿಗೊಂದು ಸಾಲೂ ಇರಲಿಲ್ಲ.

ಕಳೆ ಕಿತ್ತದ್ದು, ಗಿಡ ಕಟ್ಟಿದ್ದು, ಹಣ್ಣು ಬಿಡಿಸಿದ್ದು ಎಲ್ಲ ಎಣಿಸಿದೆವು. 52 ದಿನ. ಪಕ್ಕದ ಹೊಲಕ್ಕೆ ಹೋಗಿದ್ದರೆ ದಿನಕ್ಕೆ 350 ರೂಪಾಯಿಯಂತೆ 18,200 ಅವಳ ಕೈಗೆ ಬರುತ್ತಿತ್ತು. ನಮ್ಮ ಲಾಭ 14,200 ರೂಪಾಯಿ ನಷ್ಟವಾಯಿತು. ಅಪ್ಪನ ದಿನಗಳನ್ನು ಎಣಿಸಲು ನನಗೆ ಧೈರ್ಯ ಬರಲಿಲ್ಲ.

ಹಾಗಾದರೆ ಮನೆ ನಡೆದದ್ದು ಹೇಗೆ? ಡೈರಿಯ ಬಟವಾಡೆಯಿಂದ. ಎರಡು ಸೀಮೆಹಸುಗಳಿಗೆ ಹುಲ್ಲು ಹಾಕಿ, ಸಗಣಿ ಬಾಚಿ, ಹಾಲು ಕರೆಯುವವಳೂ ಅಮ್ಮನೇ. ಆ ಲೆಕ್ಕದಲ್ಲೂ ಅವಳ ಕೂಲಿಯಿಲ್ಲ.

ನಷ್ಟವಾದರೂ ರೈತರು ಯಾಕೆ ಬೆಳೆಯುತ್ತಾರೆ ಎಂದು ಕಾಲೇಜಿನ ಗೆಳೆಯರು ಕೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಆ ನಷ್ಟ ಕಾಗದಕ್ಕೆ ಬರುವುದೇ ಇಲ್ಲ.