ಬರಿಗೈಲಿ ಕಾಡಿಗೆ ಹೋದ ಮೂರು ದಿನ

ನಮ್ಮವ್ವ ಬದುಕಿರೋತನಕ ಕಾಡಿಗೆ ಬರಿಗೈಲಿ ಹೋದವಳಲ್ಲ. ಹೋಗುವಾಗ ಕೈಲಿ ಮಚ್ಚು, ಬರುವಾಗ ತಲೆ ಮೇಲೆ ಸೌದೆ ಹೊರೆ. ಒಂದ್ಸಲ ಗಾರ್ಡ್ ಒಬ್ಬ ಹಿಡಿದು, ಹೊರೆ ಕೆಡವಿಸಿ, ಮಚ್ಚು ಕಿತ್ಕೊಂಡು ಕಳಿಸಿದ. "ಸೌದೆ ಹೋದ್ರೆ ಹೋಗ್ಲಿ, ಮಚ್ಚು ಹೋಯ್ತಲ್ಲಪ್ಪ" ಅಂತ ವಾರವೆಲ್ಲ ಹೇಳ್ಕೊಂಡಿದ್ದಳು. ನಾನಾಗ ಆರನೇ ಕ್ಲಾಸು. ಕಾಡು ಅಂದ್ರೆ ಸಿಕ್ಕಿಬೀಳುವ ಜಾಗ ಅನ್ನೋದು ಅವತ್ತೇ ನನ್ನ ಮೈಗೆ ಹತ್ತಿತು.

ಕಳೆದ ಜನವರಿಯಲ್ಲಿ ನಮ್ಮ ಸಂಜೆ ಪಾಠದ ಐದು ಹೆಣ್ಮಕ್ಕಳನ್ನ ಕರ್ಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆ. ಅಲ್ಲಿನ ಒಂದು ಪೋಡಿನಲ್ಲಿ, ಸೋಲಿಗ ಗೆಳತಿಯ ಮನೆಯಲ್ಲಿ ಮೂರು ದಿನ ಉಳಿದೆವು. ಜೀಪ್ ಇಲ್ಲ, ಸಫಾರಿ ಇಲ್ಲ, ಮುಂದೆ ನಿಂತು ವಿವರಿಸೋ ಗೈಡ್ ಇಲ್ಲ. ನೋಡೋರೂ ಮಕ್ಕಳೇ, ಬರೆಯೋರೂ ಮಕ್ಕಳೇ. ಬ್ಯಾಗಲ್ಲಿ ಇದ್ದಿದ್ದು ನೋಟ್‌ಬುಕ್ಕು, ಒಂದು ಉಂಡೆ ದಾರ, ಒಂದು ಟೇಪು ಅಷ್ಟೆ.

ಗೆಳತಿ ಮೊದಲೇ ಗಡಿ ಹಾಕಿದಳು. ಮನೆಗಳಿಂದ ಹಳ್ಳದವರೆಗಿನ ದಾರಿ ಬಿಟ್ಟು ಆಚೆ ಹೋಗಂಗಿಲ್ಲ. ಹೊತ್ತು ಮುಳುಗಿದ ಮೇಲೆ ಅಂಗಳ ದಾಟಂಗಿಲ್ಲ. ಕಿವಿಗೆ ಇಯರ್‌ಫೋನ್ ಬೇಡ. ಕೊಂಬೆ ಮುರಿಯೋ ಸದ್ದು ಕೇಳಿದ್ರೆ ಫೋಟೋ ಅಂತ ನಿಲ್ಲದೆ ಸದ್ದಿಲ್ಲದೆ ವಾಪಸ್ ಬರಬೇಕು. ಇದು ಆನೆ ಓಡಾಡೋ ಜಾಗ, ನಮ್ಮ ಬಾಳೆ ತೋಟ ಅಲ್ಲ.

ಮೊದಲ ಸಂಜೆ ಒಬ್ಬ ಹುಡುಗಿ ನೀರಿನ ಬಿಂದಿಗೆ ಹತ್ರ ಸುಮ್ನೆ ನಿಂತಿದ್ದಳು. ಲೋಟ ಮುಟ್ಟಲಿಲ್ಲ. ಯಾರಾದ್ರೂ ಎತ್ತಿ ಹುಯ್ಯಲಿ ಅಂತ ಕಾಯ್ತಿದ್ದಳು. ಅದು ಅವಳು ಊರಲ್ಲಿ ಕಲಿತ ಪಾಠ. ಗೆಳತಿಯ ಅವ್ವ ಒಳಗಿಂದಲೇ "ಯಾಕವ್ವ ನಿಂತ್ಕಂಡೆ? ತಕ್ಕೊಂಡ್ ಕುಡಿ" ಅಂದರು. ಕಾಡಲ್ಲಿ ಜಾತಿ ಇಲ್ಲ ಅಂತ ನಾನು ಹೇಳಲ್ಲ. ಎಲ್ಲ ಪೋಡಲ್ಲೂ, ಎಲ್ಲ ಮನೇಲೂ ಹೀಗೇ ಅಂತಲೂ ಹೇಳಲ್ಲ. ಆ ಮನೆಯಲ್ಲಿ ಅವಳು ತಾನೇ ಮೊಗೆದು ಕುಡಿದಳು, ಅಷ್ಟು ಮಾತ್ರ ಹೇಳ್ತೀನಿ.

ಮಾರನೇ ದಿನ ಬೆಳಿಗ್ಗೆ ಒಬ್ಬೊಬ್ಬರೂ ಒಂದೊಂದು ಮರದ ಬುಡದಲ್ಲಿ ಅರ್ಧ ಗಂಟೆ ಮಾತಾಡದೆ ಕೂತು, ಕೇಳಿದ್ದನ್ನಷ್ಟೇ ಬರೀಬೇಕಿತ್ತು. ಒಬ್ಬಳು ಹನ್ನೊಂದು ಸದ್ದು ಬರೆದಿದ್ದಳು. ಇನ್ನೊಬ್ಬಳ ಹಾಳೆ ಖಾಲಿ. "ಅಕ್ಕ, ನಂಗೆ ಸುಮ್ನೆ ಕೂರಕ್ಕೇ ಬರಲ್ಲ. ಮನೇಲಿ ಸುಮ್ನೆ ಕೂತ್ರೆ ಅವ್ವ ಬೈತಾಳೆ" ಅಂದಳು. ನನಗೆ ಉತ್ತರ ಹೊಳೀಲಿಲ್ಲ. ಸುಮ್ನೆ ಕೂರೋದು, ಸುಮ್ನೆ ಸುತ್ತಾಡೋದು ಕೂಡ ಆಸ್ತಿಯ ಹಾಗೆ ಕೆಲವರ ಮನೆಗೆ ಮಾತ್ರ ತಲೆಮಾರಿನಿಂದ ಬಂದಿದೆ.

ಮಧ್ಯಾಹ್ನ ಹಳ್ಳದ ದಾರಿಯ ಧೂಳಲ್ಲಿ ಆನೆ ಹೆಜ್ಜೆ ಸಿಕ್ಕಿತು. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನ ಎರಡರಿಂದ ಗುಣಿಸಿದ್ರೆ ಭುಜದವರೆಗಿನ ಎತ್ತರ ಹೆಚ್ಚುಕಮ್ಮಿ ಸಿಗುತ್ತೆ. ಮಕ್ಕಳು ದಾರ ಸುತ್ತಿಟ್ಟು, ಟೇಪ್ ಹಿಡಿದು ಲೆಕ್ಕ ಹಾಕಿದರು.

ಮೂರನೇ ಬೆಳಿಗ್ಗೆ ಮತ್ತೆ ಅಲ್ಲೇ ಬಗ್ಗಿ ಅಳೀತಿದ್ದಾಗ ಖಾಕಿ ಅಂಗಿಯವರೊಬ್ಬರು ಬಂದರು. "ಯಾವೂರು? ಯಾವ ಜನ?" ಅಂದರು. ಆ ಎರಡನೇ ಪ್ರಶ್ನೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸ್ವಲ್ಪ ಮುಂಚೆ ಅತ್ತ ರಸ್ತೆಯಲ್ಲಿ ಕ್ಯಾಮೆರಾ ಹಿಡಿದವರ ಜೀಪ್ ಹೋಯ್ತು. ಅವರನ್ನ ಯಾವ ಜನ ಅಂತ ಯಾರೂ ನಿಲ್ಲಿಸಿರಲಿಕ್ಕಿಲ್ಲ. ನಾನು ಬಾಯಿ ತೆಗೆಯೋಷ್ಟರಲ್ಲಿ ನಮ್ಮ ಹುಡುಗಿ ನೋಟ್‌ಬುಕ್ ಚಾಚಿ "ಆನೆ ಎತ್ತರ ಅಳೀತಿದ್ದೀವಿ ಸಾರ್" ಅಂದಳು. ಅವರು ಓದಿದರು. ಕುಕ್ಕರಗಾಲಲ್ಲಿ ಕೂತರು. "ಇದು ಹಿಂಗಾಲು ಕಣವ್ವ, ಉದ್ದಕ್ಕದೆ ನೋಡು. ಮುಂಗಾಲು ದುಂಡುಗಿರ್ತದೆ. ನಡೆಯುವಾಗ ಮುಂಗಾಲಿನ ಗುರುತಿನ ಮೇಲೇ ಹಿಂಗಾಲು ಊರ್ತದೆ" ಅಂತ ತೋರಿಸಿದರು. ನಮ್ಮ ಲೆಕ್ಕ ತಪ್ಪಾಗಿತ್ತು. ಹುಡುಕಿ ದುಂಡನೆ ಹೆಜ್ಜೆ ಅಳೆದಾಗ 125 ಸೆಂಟಿಮೀಟರ್ ಬಂತು. ಅಂದ್ರೆ ಆನೆ ಎರಡೂವರೆ ಮೀಟರ್, ಎಂಟಡಿಗೂ ಮೇಲೆ. ಅವರಿಂದ ಕಲಿತೆವು, ನಿಜ. ಅವರು ಮೊದಲು ಕೇಳಿದ ಪ್ರಶ್ನೆಯನ್ನೂ ಮರೆತಿಲ್ಲ.

ಈ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಇಲ್ಲಿನ ಸೋಲಿಗರ ಗ್ರಾಮಸಭೆಗಳು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕನ್ನೂ ಪಡೆದವು. ಹೋರಾಡಿ ಪಡೆದದ್ದು ಅದು, ಅವರಿಗೆ ನನ್ನ ಸಲಾಂ. ಕಾಡಂಚಿನ ನಮ್ಮ ಕೇರಿಗಳ ಕತೆ ಬೇರೆ. ಪರಿಶಿಷ್ಟ ಪಂಗಡಕ್ಕೆ ಸೇರದ ನಾವು ಆ ಕಾಯ್ದೆಯಲ್ಲಿ 'ಇತರೆ ಪಾರಂಪರಿಕ ಅರಣ್ಯವಾಸಿಗಳು'. 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದ್ರೆ 75 ವರ್ಷ, ಅಲ್ಲೇ ನೆಲೆಸಿ ಕಾಡನ್ನ ನಂಬಿ ಬದುಕಿದ್ದೆವು ಅಂತ ರುಜುವಾತು ಕೊಡಬೇಕು. ನಮ್ಮವ್ವನ ಸೌದೆಗೆ ರಸೀದಿ ಯಾರು ಕೊಟ್ಟಿದ್ದರು? ಅವಳು ಕಾಡಿಗೆ ಹೋಗ್ತಿದ್ದಳು ಅನ್ನೋದಕ್ಕೆ ಇದ್ದ ಒಂದೇ ಸಾಕ್ಷಿ ಆ ಮಚ್ಚು. ಅದನ್ನೂ ಕಿತ್ಕೊಂಡರು.

ಊರಿಗೆ ಬಂದ ಮೇಲೆ ಒಬ್ಬ ತಾಯಿ ಮಗಳನ್ನ ಕೇಳಿದರಂತೆ: "ಅಷ್ಟು ದೂರ ಕಾಡಿಗೆ ಹೋಗಿ ಬರಿಗೈಲಿ ಬಂದ್ಯಾ?" ಹುಡುಗಿ ದಾರ ತೆಗೆದು ನೆಲದ ಮೇಲೆ ದುಂಡಗೆ ಹರಡಿ, ಆನೆ ಕಾಲು ಎಷ್ಟಿತ್ತು ಅಂತ ತೋರಿಸಿದಳಂತೆ.

ಸಂಜೆ ಪಾಠ ನಡೆಸುವ ಗೆಳೆಯ ಗೆಳತಿಯರಲ್ಲಿ ನನ್ನದೊಂದು ವಿನಂತಿ. ಮಕ್ಕಳನ್ನ ಸಭೆಗೆ, ಜಾಥಾಕ್ಕೆ ಕರ್ಕೊಂಡು ಹೋಗ್ತೀವಿ, ಹೋಗಲೇಬೇಕು. ವರ್ಷಕ್ಕೊಂದ್ಸಲ ಕಾಡಿಗೂ ಕರ್ಕೊಂಡು ಹೋಗಿ. ಅನುಮತಿ ಬೇಕಾದ ಕಡೆ ಅನುಮತಿ ಪಡೀರಿ. ಕಾಡು ಗೊತ್ತಿರೋರ ಮನೆಯಲ್ಲಿ ಉಳೀರಿ, ಊಟಕ್ಕೆ ದುಡ್ಡು ಕೊಡಿ, ಅವರು ಹಾಕಿದ ಗಡಿ ಮೀರಬೇಡಿ. ಆ ಗಡಿಯ ಒಳಗೆ ಮಕ್ಕಳನ್ನ ಅವರ ಪಾಡಿಗೆ ಬಿಡಿ. ತಲೆ ಮೇಲೆ ಹೊರೆ ಇಲ್ಲದೆ, ಎದೆಯಲ್ಲಿ ಭಯ ಇಲ್ಲದೆ ನಡೆಯೋದು ಹೇಗಿರುತ್ತೆ ಅಂತ ಅವರಿಗೆ ಗೊತ್ತಾಗಲಿ. ನಮ್ಮವ್ವನಿಗೆ ಅದು ಕೊನೆಗೂ ಗೊತ್ತಾಗಲಿಲ್ಲ.

ಜೈ ಭೀಮ್.