ಯಾವ ಕಾಫಿಗೆ ಯಾವ ಹುರಿತ
ಯಶವಂತಪುರ, ಯಲಹಂಕದ ಕಾಫಿಪುಡಿ ಅಂಗಡಿಗಳಲ್ಲಿ ಗಿರಾಕಿ ಕೇಳಿದ ಹದಕ್ಕೆ ಬೀಜ ಬೀಸಿಕೊಡುವುದು ರೂಢಿ. ಮನೆಯ ಸ್ಟೀಲ್ ಫಿಲ್ಟರಿನಲ್ಲಿ ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯುವುದರಿಂದ ನೀರು ಪುಡಿಯೊಳಗೆ ಬಹಳ ಹೊತ್ತು ನಿಲ್ಲುತ್ತದೆ. ಆಮೇಲೆ ಹಾಲು, ಸಕ್ಕರೆ ಬೇರೆ. ಇದಕ್ಕೆ ತಕ್ಕದ್ದು ಚೆನ್ನಾಗಿ ಕಂದುಬಣ್ಣಕ್ಕೆ ಹುರಿದ ಪೀಬೆರಿ ಅಥವಾ ಪ್ಲಾಂಟೇಶನ್ ಎ ದರ್ಜೆಯ ಬೀಜ, ಗಟ್ಟಿತನಕ್ಕೆ ಒಂದಿಷ್ಟು ರೊಬಸ್ಟಾ. ಪುಡಿಗೆ ಬೆರೆಸುವ ಚಿಕೋರಿಯು ಡಿಕಾಕ್ಷನ್‌ಗೆ ಕಪ್ಪು ಬಣ್ಣ, ಮಂದತನ ಕೊಡುತ್ತದೆ. ಹೆಚ್ಚಾದರೆ ಬೀಜದ ಘಮವೇ ಅಡಗುತ್ತದೆ. ಲೈಟ್ ರೋಸ್ಟ್ ಮಾಡಿದ ಚಿಕ್ಕಮಗಳೂರಿನ ಅರೇಬಿಕಾಕ್ಕೆ ಹಾಲು ಬೆರೆಸುವುದು ನಿಜಕ್ಕೂ ದಂಡ, ಅದರ ಹಣ್ಣಿನಂಥ ಹುಳಿ ಮುಚ್ಚಿಹೋಗುತ್ತದೆ. ಅದನ್ನು 92–96 ಡಿಗ್ರಿ ಸೆಲ್ಸಿಯಸ್ ಬಿಸಿನೀರು ಸುರಿದು ಪೋರ್ ಓವರ್‌ನ ಕಾಗದದಲ್ಲಿ ಸೋಸಿ, ಹಾಗೆಯೇ ಕುಡಿಯಬೇಕು. ಫ್ರೆಂಚ್ ಪ್ರೆಸ್‌ಗೆ ಮೀಡಿಯಂ ರೋಸ್ಟ್, ತರಿತರಿ ಪುಡಿ; ಎಸ್ಪ್ರೆಸೊಗೆ ಡಾರ್ಕ್ ರೋಸ್ಟ್, ನುಣ್ಣನೆಯ ಪುಡಿ.