ಪಾಳ್ಯದ ಮಳೆ ಪುಸ್ತಕ

ಅರಸೀಕೆರೆ ಕಡೆಯವರಿಗೆ ಮಳೆ ಅಂದರೆ ಏನು ಗೊತ್ತಾ? ಕತ್ತು ನೋಯುವ ತನಕ ಆಕಾಶ ನೋಡೋದು. ಮೋಡ ಕಟ್ಟುತ್ತೆ, ಗಾಳಿ ಏಳುತ್ತೆ, ಅಮ್ಮ ಓಡಿಹೋಗಿ ಒಣಗಿದ ಬಟ್ಟೆ ಎಲ್ಲಾ ಒಳಗೆ ತರ್ತಾಳೆ. ಅಷ್ಟು ಹೊತ್ತಿಗೆ ನಾಲ್ಕು ಹನಿ ಉದುರಿ ಬಿಸಿಲು ಬಂದಿರುತ್ತೆ. ನಾನು ಬೆಳೆದದ್ದು ಇಂಥ ಮಳೆಯಲ್ಲಿ.

ಅದೇ ಹಾಸನ ಜಿಲ್ಲೆಯ ಇನ್ನೊಂದು ಮಗ್ಗುಲಿಗೆ ನಮ್ಮಕ್ಕನನ್ನು ಕೊಟ್ಟಿದೆ. ಆಲೂರು ತಾಲ್ಲೂಕಿನ ಪಾಳ್ಯದ ಹತ್ತಿರ ಒಂದು ಸಣ್ಣ ಕಾಫಿ ತೋಟ, ಒಂದಿಷ್ಟು ಗದ್ದೆ. ಕಳೆದ ವರ್ಷ ಜುಲೈನಲ್ಲಿ ಎರಡು ದಿನ ರಜೆ ಸಿಕ್ಕಿತು ಅಂತ ಬೆಂಗಳೂರಿನಿಂದ ಹೊರಟೆ. ಮಳೆ ನೋಡಬೇಕು, ಕಡುಬು ತಿನ್ನಬೇಕು, ಆದರೆ ಆನೆ ನೋಡಬೇಕು. ನನ್ನ ಪಟ್ಟಿಯಲ್ಲಿ ಇದ್ದದ್ದು ಇಷ್ಟೇ.

ಹಾಸನದಿಂದ ಸಕಲೇಶಪುರಕ್ಕೆ ಹೋಗುವ ಆ ನಲವತ್ತು ಕಿಲೋಮೀಟರು ನೀವೂ ಓಡಾಡಿರ್ತೀರಿ. ಮುಂದಿನ ಸಲ ನಿದ್ದೆ ಮಾಡದೆ ಕಿಟಕಿ ಪಕ್ಕ ಕೂತು ನೋಡಿ. ಹಾಸನ ಬಿಟ್ಟಾಗ ಆಲೂಗಡ್ಡೆ, ಜೋಳದ ಹೊಲ, ಮೇಲೆ ಬರೀ ಮೋಡ. ಭೈರಾಪುರದ ಹೊತ್ತಿಗೆ ಬಸ್ಸಿನ ವೈಪರು ಆಗೊಮ್ಮೆ ಈಗೊಮ್ಮೆ ಆಡುತ್ತೆ. ಪಾಳ್ಯಕ್ಕೆ ಬಂದರೆ ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಿಲ್ಲದ ಜಿಟಿಜಿಟಿ. ಬಾಳ್ಳುಪೇಟೆ ದಾಟಿ ಸಕಲೇಶಪುರ ಸೇರಿದರೆ ಅದು ಬೇರೆಯದೇ ಮಳೆ, ಎದುರಿನ ಲಾರಿ ಕಾಣಲ್ಲ. ಅರಬ್ಬಿ ಸಮುದ್ರದಿಂದ ಬರುವ ಮೋಡ ಶಿರಾಡಿ, ಬಿಸಿಲೆ ಕಡೆಯ ಘಟ್ಟ ಹತ್ತುವಾಗಲೇ ಹೆಚ್ಚಿನದನ್ನು ಸುರಿದುಬಿಡುತ್ತೆ. ಮಿಕ್ಕಿದ್ದು ಪಾಳ್ಯಕ್ಕೆ. ಅಲ್ಲೂ ಮಿಕ್ಕಿದ್ದರಲ್ಲಿ ಚೂರುಪಾರು ನಮ್ಮ ಅರಸೀಕೆರೆಗೆ!

ಅಕ್ಕನ ಮನೆ ಅಂಗಳದಲ್ಲಿ ಒಂದು ಮಳೆ ಮಾಪಕ ಇದೆ. ದಿನಾ ಬೆಳಿಗ್ಗೆ ಅಕ್ಕನ ಮಾವನವರು ಕೊಡೆ ಹಿಡಿದು ಹೋಗಿ ಅಳೆದು ಬಂದು ಒಂದು ನೋಟ್‌ಬುಕ್ಕಿನಲ್ಲಿ ಬರೀತಾರೆ. ಕಾಫಿ ಸೀಮೆಯಲ್ಲಿ ಮಳೆಯ ಲೆಕ್ಕ ಇವತ್ತಿಗೂ ಇಂಚು, ಸೆಂಟಿನಲ್ಲೇ. ನೂರು ಸೆಂಟಾದರೆ ಒಂದಿಂಚು. ಇಬ್ಬರು ಪ್ಲಾಂಟರು ಎದುರಾದರೆ "ಆರಾಮಾ?" ಅನ್ನೋ ಮೊದಲು "ನಿಮ್ಗೆಷ್ಟಾಯ್ತು?" ಅಂತಾರೆ.

ಆ ಸಂಜೆ ಕರೆಂಟು ಹೋಗಿತ್ತು. ಹೆಂಚಿನ ಮೇಲೆ ಪುನರ್ವಸು ಮಳೆ. ಬಚ್ಚಲ ಒಲೆಯ ಮುಂದೆ ಕೂತು ಟಾರ್ಚಿನಲ್ಲಿ ಆ ಹಳೇ ನೋಟ್‌ಬುಕ್ಕುಗಳನ್ನು ತಿರುವಿ ಹಾಕಿದೆ. ಪುಟದ ತುಂಬಾ ಬರೀ ಅಂಕಿ. ಮಧ್ಯೆ ಮಧ್ಯೆ ಒಂದೊಂದು ಸಾಲು. ಮಾರ್ಚಿನಲ್ಲಿ "ಹೂ ಮಳೆ". ಈ ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲಾ ಬೆಳ್ಳಗೆ ಹೂವಾಗಿ ಮಲ್ಲಿಗೆ ಥರ ಘಮ್ ಅನ್ನುತ್ತಂತೆ. ಆಮೇಲೆ ಕಾಯಿ ಕಚ್ಚೋಕೆ ಇನ್ನೊಂದು ಮಳೆ ಬೇಕು, ಅದಕ್ಕೆ "ಬ್ಯಾಕಿಂಗ್". ಇವೆರಡು ಹೊತ್ತಿಗೆ ಸರಿಯಾಗಿ ಬಂದರೆ ಆ ವರ್ಷ ಬದುಕು, ಇಲ್ಲದಿದ್ದರೆ ಸಾಲ.

ಈಚಿನ ಪುಸ್ತಕಗಳಲ್ಲಿ ಮಳೆಯ ಪಕ್ಕದಲ್ಲಿ ಇನ್ನೊಂದು ಲೆಕ್ಕ ಶುರುವಾಗಿತ್ತು. "80 ಸೆಂಟ್. ಗದ್ದೆಗೆ 4 ಆನೆ." "1 ಇಂಚು 15. ಪೈಪ್ ಮುರಿದಿವೆ." "ಹಲಸಿನ ಕಾಯಿ ಪೂರಾ ಕೆಡವಿಸಿದೆ." ಹಣ್ಣಾದರೆ ವಾಸನೆಗೆ ಆನೆ ಬರುತ್ತೆ ಅಂತ ಎಳೆಯದರಲ್ಲೇ ಕಡಿದು ಹಾಕ್ತಾರೆ. "ನಮ್ಮನೇಲಿ ಮೂರು ಹಲಸಿನ ಮರ ಇದೆ, ಹಲಸಿನ ಹಣ್ಣು ತಿಂದು ನಾಲ್ಕು ವರ್ಷ ಆಯ್ತು ಕಣೋ" ಅಂದಳು ಅಕ್ಕ.

ಒಂದು ಪುಟದಲ್ಲಿ ಮಾತ್ರ "1 ಇಂಚು 10. ಕೆಲಸ ಇಲ್ಲ" ಅಂತಿತ್ತು. ಅದರ ಮುಂದಿನ ಎರಡು ದಿನ ಅಂಕಿಯೂ ಇಲ್ಲ, ಖಾಲಿ. ಮರೆತಿರಬೇಕು ಅಂದುಕೊಂಡೆ.

ಮಾರನೇ ದಿನ ಕಂಬಳಿ ಕೊಪ್ಪೆ ಹೊದ್ದು ಭಾವನ ಹಿಂದೆ ತೋಟ ಸುತ್ತಿದೆ. ನಸುಕಿನಲ್ಲಿ ಸಿಳ್ಳೆ ಹೊಡೆಯುತ್ತಿದ್ದ ಹಕ್ಕಿಯನ್ನು ಎಷ್ಟು ಹುಡುಕಿದರೂ ಕಾಣಲಿಲ್ಲ. ಉಂಬಳಗಳಿಗೆ ಮಾತ್ರ ನಾನು ಚೆನ್ನಾಗೇ ಕಂಡೆ, ಮನೆಗೆ ಬರುವಷ್ಟರಲ್ಲಿ ಎರಡೂ ಕಾಲು ಕೆಂಪು. ತೋಟದ ಕೆಲಸಕ್ಕೆ ಬರುವ ಹೆಂಗಸರು ಸುಣ್ಣ, ಹೊಗೆಸೊಪ್ಪು ಹಚ್ಚಿಕೊಟ್ಟು ನಕ್ಕರು. ಅದೇ ಸಲುಗೆಯಲ್ಲಿ ಅವರಲ್ಲಿ ಹಿರಿಯವರಿಗೆ, "ಏನಮ್ಮಾ, ನನಗೊಂದು ಆನೆ ತೋರಿಸಲ್ವಾ? ಬರಿಗೈಲಿ ಹೋಗಬೇಕಾ?" ಅಂದೆ.

ಆಯಮ್ಮ ನಗಲಿಲ್ಲ. "ಕಾಣ್ದೇ ಇದ್ರೆ ಒಳ್ಳೇದು ಸಾರ್" ಅಂದು ಕತ್ತಿ ಎತ್ತಿಕೊಂಡು ಹೋದರು.

ಮೂರನೇ ದಿನ ಬೆಳಿಗ್ಗೆ ನಾನು ಬಸ್ಸು ಹಿಡಿಯಬೇಕಿತ್ತು. ಆರು ಗಂಟೆಗೆ ಭಾವನ ಮೊಬೈಲಿಗೆ ಮೆಸೇಜು ಬಂತು, ನಮ್ಮ ಕಡೆ ಆನೆಗಳಿವೆ ಅಂತ. "ಎಂಟು ಗಂಟೆ ತನಕ ತಡಿ" ಅಂದರು ಭಾವ. ನನಗೋ ಮಧ್ಯಾಹ್ನ ಮೀಟಿಂಗು. "ಮೆಸೇಜು ದಿನಾ ಬರುತ್ತಲ್ಲ ಭಾವ, ಬೇಗ ಬಿಟ್ಟುಬಿಡಿ" ಅಂತ ಹಟ ಮಾಡಿದೆ. ನೆಂಟರ ಮಾತು ತೆಗೆದುಹಾಕೋದು ಹೇಗೆ? ಬೈಕ್ ತೆಗೆದರು.

ಮಂಜು, ಜೊತೆಗೆ ಮಳೆ. ಅರ್ಧ ಕಿಲೋಮೀಟರು ಹೋಗಿರಬಹುದು, ಭಾವ ಬೈಕ್ ನಿಲ್ಲಿಸಿ ಎಂಜಿನ್ ಆರಿಸಿದರು. ನನಗೇನೂ ಕಾಣಲಿಲ್ಲ. ಕೊಟ್ಟಿಗೆಯಂಥ ಒಂದು ವಾಸನೆ, ಅಷ್ಟೇ. ಆಮೇಲೆ ಒಂದು ಕೊಂಬೆ ಲಟಕ್ಕಂತ ಮುರಿದ ಸದ್ದು. ಎದುರಿಗೆ, ಬಂಡೆ ಅಂದುಕೊಂಡಿದ್ದ ಕಪ್ಪು ಕಿವಿ ಬೀಸಿತು. ಅದರ ಹಿಂದೆ ಇನ್ನೊಂದು, ನಡುವೆ ಮರಿ. ಅಷ್ಟು ದೊಡ್ಡ ಜೀವ ಅಷ್ಟು ಸದ್ದಿಲ್ಲದೆ ನಿಲ್ಲಬಲ್ಲದು ಅಂತ ನನಗೆ ಗೊತ್ತಿರಲಿಲ್ಲ. ಇದ್ದಬದ್ದ ಸದ್ದನ್ನೂ ಮಳೆ ನುಂಗಿಬಿಡುತ್ತೆ.

ಹೇಳೋಕೆ ನಾಚಿಕೆ ಆಗುತ್ತೆ, ನನ್ನ ಕೈ ಜೇಬಿನಲ್ಲಿದ್ದ ಮೊಬೈಲಿಗೆ ಹೋಗಿತ್ತು, ಫೋಟೋ ತೆಗೆಯೋಕೆ. ಭಾವ ನನ್ನ ಮಣಿಕಟ್ಟು ಹಿಡಿದ ರಭಸಕ್ಕೆ ಎರಡು ದಿನ ಅಲ್ಲಿ ನೀಲಿಗಟ್ಟಿತ್ತು. ಬೈಕನ್ನು ಅಲ್ಲೇ ಬಿಟ್ಟು ಹೆಜ್ಜೆ ಹೆಜ್ಜೆಗೆ ಹಿಂದೆ ಸರಿದೆವು. ತಿರುವು ದಾಟಿದ ಮೇಲೆ ಭಾವನ ಮುಖ ನೋಡಿದೆ, ಬೆಳ್ಳಗಾಗಿತ್ತು. "ಆಯಮ್ಮ ಇದೇ ದಾರೀಲಿ ಬರೋ ಹೊತ್ತು" ಅಂದರು. ಫೋನ್ ಮಾಡಿದರು. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದರು. ಆ ನಾಲ್ಕೈದು ನಿಮಿಷ ಇದೆಯಲ್ಲ..

ಮೂರನೇ ಸಲ ಎತ್ತಿದರು. ಮನೆಯಲ್ಲೇ ಇದ್ದರು, ಒಲೆ ಮುಂದೆ. ಸ್ಪೀಕರಿನಲ್ಲಿ ಆಯಮ್ಮನ ದನಿ ನನಗೂ ಕೇಳಿಸಿತು: "ಮೆಸೇಜು ಬಂದಿತ್ತಲ್ಲಣ್ಣಾ, ನೀವ್ಯಾಕೆ ಹೊರಟ್ರಿ?"

ಮನೆಗೆ ವಾಪಸ್ ಬಂದ ಮೇಲೆ ಅಕ್ಕ ಹೇಳಿದಳು. ಆ "ಕೆಲಸ ಇಲ್ಲ" ಅಂತ ಬರೆದಿದ್ದ ದಿನ ಆಯಮ್ಮನ ಗಂಡ ಹೋದದ್ದು. ಇದೇ ದಾರಿ, ಇಂಥದೇ ಮಳೆ, ಬೆಳಿಗ್ಗೆ ಆರೂವರೆ. ಕೊಪ್ಪೆ ಹೊದ್ದವರಿಗೆ ಪಕ್ಕದಲ್ಲಿ ಏನಿದೆ ಅಂತ ಕಂಡಿರಲಿಲ್ಲ. ಅವರ ಹತ್ತಿರ ನಾನು ಆನೆ ತೋರಿಸಿ ಅಂತ ಕೇಳಿದ್ದೆ.

ಇಲ್ಲಿ ಯಾರನ್ನು ಬೈಯೋದು? ಆನೆಯನ್ನು ಬೈಯೋಕೆ ಬಾಯಿ ಬರಲ್ಲ. ಆಲೂರು, ಸಕಲೇಶಪುರದ ಕಾಡು ತುಂಡು ತುಂಡಾಗಿದೆ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದು ಹಿನ್ನೀರು ನಿಂತಿತು, ಊರುಗಳು ಮುಳುಗಿದವು. ಆನೆಗಳಿಗೆ ಹಗಲು ಮಲಗೋಕೆ ಕಾಫಿ ತೋಟದ ನೆರಳು, ಕುಡಿಯೋಕೆ ತೋಟದ ಕೆರೆ, ರಾತ್ರಿ ಊಟಕ್ಕೆ ನಮ್ಮ ಗದ್ದೆ. ಮರಿಗಳು ತೋಟದಲ್ಲೇ ಹುಟ್ಟಿ ತೋಟದಲ್ಲೇ ಬೆಳೆದಿವೆ. ಅವಕ್ಕೆ ಅದೇ ಊರು. ಹೈಕೋರ್ಟ್ ಆದೇಶದ ಮೇಲೆ 2014ರಲ್ಲಿ ಈ ಭಾಗದಿಂದ 22 ಆನೆ ಹಿಡಿದು ಸಾಗಿಸಿದರು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು.

ಹಿಡಿಯೋಕೆ ಹೋದವರೂ ಉಳಿಯಲಿಲ್ಲ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಕಾಡಾನೆಗೆ ಚಿಕಿತ್ಸೆ ಕೊಡಲು ಅರಿವಳಿಕೆ ಮದ್ದು ಹೊಡೆಯಹೋದ 'ಆನೆ ವೆಂಕಟೇಶ್' ಅದೇ ಆನೆಯ ಕಾಲಿಗೆ ಸಿಕ್ಕರು. ಡಿಸೆಂಬರ್ 4ರಂದು ಯಸಳೂರಿನ ಹತ್ತಿರ, ಎಂಟು ಸಲ ಮೈಸೂರು ದಸರಾ ಅಂಬಾರಿ ಹೊತ್ತ ಅರ್ಜುನ ಕಾಡಾನೆ ಜೊತೆ ಕಾದಾಡಿ ಸತ್ತ. ಅವತ್ತು ಟೀವಿ ನೋಡುತ್ತಾ ಕಣ್ಣೀರು ಹಾಕಿದವರಲ್ಲಿ ನಾನೂ ಒಬ್ಬ. ಆದರೆ ಅರ್ಜುನ ಸತ್ತ ಜಾಗ ನಮ್ಮಕ್ಕನ ಮನೆಗೆ ಎಷ್ಟು ಹತ್ತಿರ ಅಂತ ಅವತ್ತು ಯೋಚಿಸಿರಲಿಲ್ಲ.

ಈ ಮೆಸೇಜಿನ ವ್ಯವಸ್ಥೆ ಹಾಸನ ಜಿಲ್ಲೆಯಲ್ಲಿ 2017ರಲ್ಲಿ ಶುರುವಾದದ್ದು, ನೇಚರ್ ಕನ್ಸರ್ವೇಶನ್ ಫೌಂಡೇಶನ್ ಮತ್ತು ಅರಣ್ಯ ಇಲಾಖೆ ಸೇರಿ. ಮೊಬೈಲಿಗೆ ಎಚ್ಚರಿಕೆ ಬರುತ್ತೆ, ಕೆಲವು ಕಡೆ ಕೆಂಪು ದೀಪ ಹತ್ತುತ್ತೆ. ಅದು ಆನೆಯನ್ನು ಓಡಿಸಲ್ಲ. ಇಲ್ಲಿದೆ ಅಂತ ಹೇಳುತ್ತೆ, ಅಷ್ಟೇ. ಅಷ್ಟನ್ನು ಕೇಳಿಸಿಕೊಂಡು ಆಯಮ್ಮ ಉಳಿದರು, ಕೇಳಿಸಿಕೊಳ್ಳದ ನಾನು ಭಾವನನ್ನೂ ಕರೆದುಕೊಂಡು ಎದುರಿಗೇ ಹೋಗಿ ನಿಂತೆ.

ಅವತ್ತು ಹನ್ನೊಂದು ಗಂಟೆಗೆ ಹೊರಟೆ. ಮೀಟಿಂಗು ನಾನಿಲ್ಲದೆ ನಡೆಯಿತು, ಕಂಪನಿ ಏನೂ ಮುಳುಗಲಿಲ್ಲ. ಹೊರಡುವಾಗ ಆಯಮ್ಮ ಗಿಡದ ಬುಡದಲ್ಲಿ ಕಳೆ ತೆಗೆಯುತ್ತಿದ್ದರು. ಏನಾದರೂ ಹೇಳಬೇಕು ಅನ್ನಿಸಿ ಹತ್ತಿರ ಹೋದೆ, ಮಾತು ಬರಲಿಲ್ಲ. ಅವರೇ ತಲೆ ಎತ್ತಿ, "ಕಾಣ್ತಂತಲ್ಲ ಸಾರ್" ಅಂದರು. ಬೈದದ್ದಾ, ಸಮಾಧಾನ ಮಾಡಿದ್ದಾ, ಇವತ್ತಿಗೂ ಗೊತ್ತಾಗಿಲ್ಲ.

ಒಳಗೆ ಅಕ್ಕನ ಮಾವನವರು ಕನ್ನಡಕ ಹಾಕಿಕೊಂಡು ಪುಸ್ತಕ ಬರೀತಿದ್ದರು. ಬಗ್ಗಿ ನೋಡಿದೆ. "95 ಸೆಂಟ್. ರಸ್ತೆಯಲ್ಲಿ 2 ಆನೆ, 1 ಮರಿ. ಎಲ್ಲರೂ ಕ್ಷೇಮ."